ಬೆಳಕು ನುಂಗುವ ಸಾರು

ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನಾದರೂ "ಪಂಪಾಪತಿ ಖಾನಾವಳಿ ಎಲ್ಲೈತ್ರಿ?" ಎಂದು ಕೇಳಿದರೆ ಅವರು ಮೊದಲು ನಿಮ್ಮ ಮುಖ ನೋಡುತ್ತಾರೆ. ಆಮೇಲೆ "ಹೊಟ್ಟಿ ಗಟ್ಟಿ ಐತೇನ್ರಿ?" ಎಂದು ಕೇಳುತ್ತಾರೆ. ಈ ಎರಡನೆಯ ಪ್ರಶ್ನೆ ಹೋದ ವರ್ಷದ ಶ್ರಾವಣಕ್ಕೆ ಮುಂಚೆ ಇರಲಿಲ್ಲ. ಅದು ಒಂಬತ್ತೇ ದಿನದಲ್ಲಿ ಹುಟ್ಟಿ ಬೆಳೆದು ಊರೆಲ್ಲ ತಿರುಗಾಡಿತು. ಆ ಒಂಬತ್ತು ದಿನವೂ ನಾನು ಅಲ್ಲೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಹೀಗಾಗಿ ಏನಾಯಿತು ಅನ್ನುವುದನ್ನು ನನ್ನನ್ನೇ ಕೇಳಬೇಕು. ಆಗ ಯಾರೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ನಾನು ಹಂಪವ್ವ, ಪಂಪಾಪತಿಯ ಚಿಗವ್ವ; ಅವನು ನನ್ನ ಅಕ್ಕನ ಮಗ. ಕೆಟ್ಟವನಲ್ಲ. ಉಣ್ಣಾಕ ಬಂದವರಿಗೆ ಒಂದು ರೊಟ್ಟಿ ಕಡಿಮೆ ಹಾಕಿದವನಲ್ಲ. ಅವನಿಗಿರುವ ಚಟ ಒಂದೇ, ಮೊಬೈಲಿಗೆ ಬಂದದ್ದನ್ನೆಲ್ಲ ನಂಬುವುದು. ಜೀರಿಗೆ ನೀರು ಕುಡಿದರೆ ಬೋಳುತಲೆಯಲ್ಲಿ ಕೂದಲು ಬರುತ್ತವೆ ಎಂದು ಓದಿ ಮೂರು ತಿಂಗಳು ಕುಡಿದ. ಕೂದಲು ಬರಲಿಲ್ಲ. "ಹಾದ್ಯಾಗ ಅದಾವ, ಬರ್ತಾವ" ಎಂದ. ಅಂಥವನ ಮೊಬೈಲಿಗೆ ಒಂದು ಮುಂಜಾನೆ, ತಾಮ್ರದ ಪಾತ್ರೆಯಲ್ಲಿಟ್ಟದ್ದು ಹೊಟ್ಟೆಗೆ ಬಿದ್ದರೆ ನೂರಾ ಎಂಟು ರೋಗ ಓಡಿಹೋಗುತ್ತವೆ ಎಂಬ ಸಂದೇಶ ಬಂತು. ಒಬ್ಬರಿಂದಲ್ಲ, ಏಳು ಮಂದಿಯಿಂದ. ಏಳು ಮಂದಿ ಹೇಳಿದ್ದು ಸುಳ್ಳಾದೀತೆ? ಆ ಏಳು ಮಂದಿಗೂ ಹಿಂದಿನ ವಾರ ಅದನ್ನು ಕಳಿಸಿದವನು ತಾನೇ ಎಂಬುದು ಅವನಿಗೆ ಮರೆತುಹೋಗಿತ್ತು.

ಖಾನಾವಳಿಯ ಹಿಂದಿನ ಕೋಣೆಯಲ್ಲಿ ಅವನ ಮುತ್ತಜ್ಜನ ಕಾಲದ ತಾಮ್ರದ ಕೊಪ್ಪರಿಗೆ ಇತ್ತು. ಮುನ್ನೂರು ಮಂದಿಗೆ ಸಾರು ಕುದಿಯುವಷ್ಟು ದೊಡ್ಡದು. ಒಳಮೈಗೆಲ್ಲ ಕಲಾಯಿ, ಅಂದರೆ ತವರದ ಬಿಳಿ ಲೇಪ. ಪಂಪಾಪತಿ ಅದರೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿ, ಹೊರಗೆ ಬಂದ.

"ನೋಡಿದೇನ ಚಿಗವ್ವ? ಬಂಗಾರದಂಥಾ ತಾಮ್ರ ಒಳಗಿಟ್ಟು ಮ್ಯಾಲ ಬೂದಿ ಬಣ್ಣ ಬಳದಾರ ನಮ್ಮ ಹಿರ್ಯಾರು. ಸಾರಿಗೆ ತಾಮ್ರ ಹತ್ತಾಕ ಬಿಟ್ಟಿಲ್ಲ!"

"ಹತ್ತಬಾರದಂತನ ಹಚ್ಚಿರತಾರಪಾ. ಹುಳಿ ಬಿತ್ತಂದ್ರ..."

"ಚಿಗವ್ವ, ನೀ ರೊಟ್ಟಿ ಬಡಿ."

ನಾನು ರೊಟ್ಟಿ ಬಡಿದೆ. ಅವನು ಇಟ್ಟಂಗಿ ಪುಡಿ, ತಂತಿ ಬ್ರಷ್ಷು ತೆಗೆದುಕೊಂಡು ಕೊಪ್ಪರಿಗೆಯೊಳಗೆ ತಲೆಕೆಳಗಾಗಿ ತೂರಿ ಮೂರು ದಿನ ಕಲಾಯಿ ಕೆರೆದ. ಹೊರಗಿನಿಂದ ನೋಡಿದರೆ ಎರಡು ಪಾದ ಮಾತ್ರ ಕಾಣುತ್ತಿದ್ದವು. ಅವನ ಹೆಂಡತಿ ಲಲಿತಾ ಆ ಪಾದಗಳನ್ನು ನೋಡಿ, "ಮನ್ಯಾಗ ಒಂದು ಚಮಚಾ ತೊಳೀಲಾರದ ಗಂಡಸು ನೋಡ್ರಿ ಅತ್ತಿ" ಎಂದಳು. ಮೂರನೆಯ ದಿನ ಸಂಜೆ ಕೊಪ್ಪರಿಗೆ ಒಳಗೂ ಹೊರಗೂ ಕೆಂಪಗೆ ಥಳಥಳ ಹೊಳೆಯಿತು. ಬಾಗಿಲಿಗೆ ಬೋರ್ಡು ಬಿತ್ತು: ಇಲ್ಲಿ ಅಪ್ಪಟ ತಾಮ್ರದ ಸಾರು ಸಿಗುತ್ತದೆ.

ಇಷ್ಟೇ ಆಗಿದ್ದರೆ ಹತ್ತರಲ್ಲಿ ಹನ್ನೊಂದನೆಯ ಹುಚ್ಚು ಎಂದು ಸುಮ್ಮನಿರಬಹುದಿತ್ತು. ಆದರೆ ಇನ್ನು ಹದಿನೈದು ದಿನಕ್ಕೆ ಅವನ ಒಬ್ಬಳೇ ಮಗಳು ರೇಣುಕಾಳ ಕುಬಸ, ಅಂದರೆ ಸೀಮಂತ, ಇತ್ತು. ಅವಳನ್ನು ಗಂಗಾವತಿಗೆ ಕೊಟ್ಟಿದ್ದಾರೆ; ಐದು ತಿಂಗಳ ಬಸುರಿ. ಬೀಗತಿ ಕಳಕಮ್ಮ ಫೋನು ಮಾಡಿ, "ಪಂಪಣ್ಣ, ಮುನ್ನೂರು ಮಂದಿ ಆಗ್ತಾರ. ಅಡಗಿಗೆ ಇಲ್ಲೇ ಹೇಳತೀವಿ. ನೀವು ಸೀರಿ, ಹಸರ ಬಳಿ ತೊಗೊಂಡು ಬರ್ರಿ, ಸಾಕು" ಎಂದರು. ಮರ್ಯಾದೆಯ ಮಾತೇ. ಆದರೆ ಅದು ಪಂಪಾಪತಿಯ ಎದೆಗೆ ನೆಟ್ಟಿತು. ಜೀವಮಾನವೆಲ್ಲ ಊರಿಗೆ ಬಡಿಸಿದವನು ಮಗಳ ಕುಬಸದಲ್ಲಿ ಪಂಕ್ತಿಗೆ ಕೂತು ಮತ್ತೊಬ್ಬನ ಸಾರು ಸುರಿಯುವುದೆ?

"ನನ್ನ ಮಗಳ ಬಯಕಿ ಸಾರು ನನ್ನ ಕೊಪ್ಪರಿಗ್ಯಾಗನ ಕುದೀಬೇಕ್ರಿ ಬೀಗತೇರ! ಟೆಂಪೋದಾಗ ಹೇರಿಕೊಂಡು ಬರತೀನಿ."

"ಹಂಗಾರ ಗುರುವಾರ ರೇಣುಕಾನ್ನ ಕರಕೊಂಡು ನಾನ ಬರತೀನಿ. ಉಂಡು ನೋಡತೀನಿ. ಆಮ್ಯಾಲ ಮಾತು."

ಗುರುವಾರಕ್ಕೆ ಇನ್ನು ಆರು ದಿನ ಇತ್ತು.

ಆ ದಿನವೇ, ಶುಕ್ರವಾರ, ಅಮೃತಾ ಬಂದಳು. ಪಂಪಾಪತಿಯ ಅಣ್ಣನ ಮಗಳು. ಕೊಪ್ಪಳದಲ್ಲಿ ರಸಾಯನಶಾಸ್ತ್ರ ಓದುತ್ತಾಳೆ. ಹದಿನೈದು ದಿನದ ಹಿಂದೆ ಖಾನಾವಳಿಯ ಕಸದ ಡಬ್ಬಿಯಿಂದ ಎರಡು ಚೀಲ ಉಳ್ಳಾಗಡ್ಡಿ ಸಿಪ್ಪೆ, ದಾಳಿಂಬ್ರಿ ಸಿಪ್ಪೆ, ಹಿಂಡಿದ ನಿಂಬೆಹೋಳು ಆರಿಸಿಕೊಂಡು ಹೋಗಿದ್ದಳು. ಆಗ ಊರವರು ಆ ಹುಡುಗಿಯ ಬುದ್ಧಿಯ ಬಗ್ಗೆ ಮರುಗಿದ್ದರು. ಈಗ ಆ ಎರಡು ಚೀಲ ಒಂದು ಸಣ್ಣ ಬಾಟಲಿಯಾಗಿ ತಿರುಗಿ ಬಂದಿತ್ತು. ಒಳಗೆ ಚಹಾ ತೊಳೆದ ನೀರಿನಂಥದ್ದೇನೋ.

"ಕಾಕಾ, ಇದು ನಿನ್ನ ಕಸ. ಮುಚ್ಚಿದ ಡಬ್ಬಿಯೊಳಗ ಹಾಕಿ ಭಾಳ ಹೊತ್ತು ಕಾಸಿ, ಸೋಸೇನಿ. ಇದರಾಗ ಇಂಗಾಲದ ಚುಕ್ಕಿ ಅದಾವ. ನಾಕ ಲಕ್ಷ ಚುಕ್ಕಿ ಸಾಲಾಗಿ ನಿಲ್ಲಿಸಿದ್ರ ಒಂದು ಸಾಸಿವಿ ಕಾಳಿನ ಅಗಲ."

"ನಾಕ ಲಕ್ಷ ಯಾರ ನಿಲ್ಲಿಸಿದರ?"

ಅಮೃತಾ ಖೋಟಾ ನೋಟು ಹಿಡಿಯಲು ಅಂಗಡಿಯವರು ಇಟ್ಟುಕೊಳ್ಳುವಂಥ ಒಂದು ನೀಲಿ ಬ್ಯಾಟರಿ ಟಾರ್ಚು ತೆಗೆದು ಬಾಟಲಿಗೆ ಹಿಡಿದಳು. ಖಾನಾವಳಿಯಲ್ಲಿ ಉಣ್ಣುತ್ತಿದ್ದವರೆಲ್ಲ ಹಾ ಎಂದರು. ಆ ಚಹಾ ಬಣ್ಣದ ನೀರು ಗ್ಯಾಸಿನ ಉರಿಯಂತೆ ನೀಲಿಯಾಗಿ ಬೆಳಗಿತು.

ಪಂಪಾಪತಿಯ ಕಣ್ಣಲ್ಲಿ ನೀರು ಬಂತು. "ನನ್ನ ಖಾನಾವಳಿ ಎಂಜಲಕ್ಕೂ ಬೆಳಕೈತಿ!"

"ಎಂಜಲ ಅಲ್ಲ ಕಾಕಾ, ಸಿಪ್ಪಿ. ಯಾರ ಮನೀ ಸಿಪ್ಪಿ ಆದ್ರೂ..."

"ಯಾರ ಮನೀದೂ ಆಗೂದಿಲ್ಲವಾ. ಇದು ನಂದು."

ಅಮೃತಾ ಮುಖ್ಯ ಮಾತಿಗೆ ಬಂದಳು. ನೀರಿನಲ್ಲಿ ಕಬ್ಬಿಣ, ತಾಮ್ರ, ಸೀಸ ಇಂಥ ಲೋಹ ಕರಗಿದ್ದರೆ, ಆ ನೀರು ಹಾಕಿದ ಕೂಡಲೇ ಈ ಬೆಳಕು ಆರುತ್ತದೆ. ಕೆಟ್ಟ ನೀರು ಕಂಡುಹಿಡಿಯಲು ಇದು ಅಗ್ಗದ ದಾರಿ. ತೋರಿಸಲೆಂದು ಬಾಟಲಿಯಿಂದ ನಾಲ್ಕು ಹನಿ ಗಾಜಿನ ಲೋಟಕ್ಕೆ ಬಗ್ಗಿಸಿ, ಎದುರಿನ ವಿರುಪಾಕ್ಷಿಯ ಹೋಟೆಲಿನಿಂದ ನೀರು ತರಿಸಿ ಅದಕ್ಕೆ ಹನಿಸಿದಳು. ಬೆಳಕು ಹಾಗೇ ಇತ್ತು.

"ನಂದ ಹಾಕು" ಎಂದ ಪಂಪಾಪತಿ.

"ಸಾರು ಬ್ಯಾಡ, ಅದರ ಬಣ್ಣಾನ ಬೆಳಕು ಮುಚ್ಚತೈತಿ. ಬರೇ ಹುಣಸಿ ನೀರು ಕೊಡು."

ಹಿಂದಿನ ಸಂಜೆಯಿಂದ ಕೊಪ್ಪರಿಗೆಯಲ್ಲಿ ನೆನೆಯುತ್ತಿದ್ದ ಹುಣಸೆ ನೀರನ್ನು ಪಂಪಾಪತಿ ಸೋಸಿ ತಂದು ತಾನೇ ಹನಿಸಿದ. ಪಕ್ಕನೆ ಬೆಳಕು ಆರಿತು. ವಿದ್ಯುತ್ ಹೋದಂತೆ. ಅಮೃತಾಳ ಮುಖವೂ ಆರಿತು. ಪಂಪಾಪತಿಯ ಮುಖ ಮಾತ್ರ ಝಗ್ಗನೆ ಹೊತ್ತಿಕೊಂಡಿತು.

"ಹುಣಸಿ ನೀರಿಗೆ ತಾಮ್ರ ಬಂದೈತಿ ಅಂದಂಗಾತಲ್ಲ?"

"ಹೌದು ಕಾಕಾ, ಭಾಳ ಬಂದೈತಿ! ಇದನ್ನ..."

"ಕೇಳಿದಿರಿಲ್ಲೋ? ಭಾಳ ಬಂದೈತಂತ! ಕಾಲೇಜು ಹೇಳೇತಿ! ವಿರುಪಾಕ್ಷಿ ನೀರಿನ್ಯಾಗ ಏನೂ ಇಲ್ಲ, ಸಪ್ಪನ ನೀರು. ನನ್ನ ಸಾರು ಬೆಳಕನ್ನ ನುಂಗಿ ನೀರು ಕುಡೀತು!"

"ಕಾಕಾ, ಹೆಚ್ಚಾದ್ರ ಅದು ವಿಷ!"

"ಹೆಚ್ಚಾದ್ರ ಉಪ್ಪೂ ವಿಷ, ಬೆಲ್ಲಾನೂ ವಿಷ, ಬೀಗರೂ ವಿಷ."

ಆ ಹೊತ್ತಿಗೆ ಕೊಪ್ಪಳದ ಬಸ್ಸಿನ ಕಂಡಕ್ಟರ್ ಸೀಟಿ ಹೊಡೆದ. ಮರುದಿನದಿಂದ ಅವಳಿಗೆ ಪರೀಕ್ಷೆ. ಅಮೃತಾ ಓಡುತ್ತಲೇ, "ಆ ನೀರು ಚೆಲ್ಲು ಕಾಕಾ! ಗುರುವಾರ ಬರತೀನಿ!" ಎಂದು ಕೂಗಿದಳು. ಬಾಟಲಿ, ಬ್ಯಾಟರಿ ಎರಡೂ ಮೇಜಿನ ಮೇಲೆ ಉಳಿದವು.

ನಾನು ಮತ್ತೊಮ್ಮೆ ಬಾಯಿ ತೆಗೆದೆ. "ಪಂಪಾ, ಆ ಹುಡುಗಿ ಹೇಳೂದೂ ಅದನ. ಹುಳಿ ಬಿದ್ದು ಕಿಲುಬು ಏಳತೈತಿ..."

"ಚಿಗವ್ವ, ರೊಟ್ಟಿ ಸೀದ ವಾಸನಿ ಬರಾಕತ್ತೈತಿ."

ನಿಜಕ್ಕೂ ಸೀದಿತ್ತು.

ಶನಿವಾರದಿಂದ ಖಾನಾವಳಿ ಪ್ರಯೋಗಶಾಲೆಯಾಯಿತು. ಊಟಕ್ಕೆ ಮುಂಚೆ ಲೋಟದಲ್ಲಿ ನಾಲ್ಕು ಹನಿ ಬೆಳಕು, ಬೆಳಕಿನ ಮೇಲೆ ಹುಣಸೆ ನೀರು, ಕತ್ತಲೆ, ಚಪ್ಪಾಳೆ, ಆಮೇಲೆ ಊಟ. ಭಾನುವಾರದ ಹೊತ್ತಿಗೆ ಮಂದಿ ತಮ್ಮ ತಮ್ಮ ಮನೆಯ ನೀರಿನ 'ತಾಕತ್ತು' ನೋಡಿಸಲು ತಂಬಿಗೆ ಹಿಡಿದು ಸಾಲು ನಿಂತರು. ಬೋರ್‌ವೆಲ್ಲಿನ ತುಕ್ಕುನೀರು ತಂದವರ ಬೆಳಕು ಆರಿತು. ಅವರು ಎದೆ ಉಬ್ಬಿಸಿ ಹೋದರು. ಹಿಂದಿನ ಓಣಿಯ ಗೌಸಬೀ ಹನ್ನೆರಡು ವರ್ಷದಿಂದ ತೊಳೆಯದ ಕಬ್ಬಿಣದ ಡ್ರಮ್ಮಿನಿಂದ ಒಂದು ಚರಿಗೆ ತಂದಳು. ಬೆಳಕು ಎಷ್ಟು ಬೇಗ ಆರಿತೆಂದರೆ ಪಂಪಾಪತಿ ಎದ್ದು ನಿಂತು ಕೈ ಮುಗಿದ.

"ಗೌಸಬೀ, ಇದು ನೀರಲ್ಲವಾ, ಟಾನಿಕ್ಕು!"

"ನಮ್ಮ ಸೊಸಿ ತೊಳದ ಬಿಡತೀನಿ ಅಂತಿದ್ಲು ಅಣ್ಣಾ. ಅಲ್ಲಾನ ಉಳಿಸ್ಯಾನ!"

ಶುದ್ಧ ನೀರಿನ ಘಟಕದಿಂದ ಕ್ಯಾನು ತರುತ್ತಿದ್ದ ಮೇಷ್ಟ್ರು ಒಬ್ಬರ ಬೆಳಕು ಮಾತ್ರ ಆರಲೇ ಇಲ್ಲ. ಸಾಲಿನಲ್ಲಿದ್ದವರು ಅವರತ್ತ ಕನಿಕರದಿಂದ ನೋಡಿದರು. "ಪಗಾರ ಐತಿ, ಖರೆ, ನೀರಿನ್ಯಾಗ ಏನೂ ಇಲ್ಲ ಪಾಪ" ಎಂದು ಯಾರೋ ಪಿಸುಗುಟ್ಟಿದರು. ಮರುದಿನ ಮೇಷ್ಟ್ರು ಕ್ಯಾನಿನಲ್ಲಿ ನಾಲ್ಕು ಮೊಳೆ ಹಾಕಿಟ್ಟರಂತೆ.

ಈ ನಡುವೆ ಉಂಡವರಲ್ಲಿ ಕೆಲವರು ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆಯ ಕಡೆ ಅವಸರದಿಂದ ನಡೆಯತೊಡಗಿದರು. ನಾನು ಕೂತ ಜಾಗದಿಂದ ಆ ಗೋಡೆ ಕಾಣುತ್ತದೆ. ಶನಿವಾರ ನಾಲ್ವರು, ಭಾನುವಾರ ಒಂಬತ್ತು. ಪಂಪಾಪತಿಗೆ ತೋರಿಸಿದೆ.

"ವಾಂತಿ ಅಲ್ಲ ಚಿಗವ್ವ. ಹಳೇ ರೋಗ ಹೊರಗ ಬರಾಕತ್ತಾವ. ನೂರಾ ಎಂಟು ಅದಾವಲ್ಲ, ಒಂದ ಸರ್ತಿ ಬರೂದಿಲ್ಲ."

"ನಿನಗ?"

ಅವನಿಗೂ ಆ ಮುಂಜಾನೆ ಆರು ರೋಗ ಹೊರಗೆ ಹೋಗಿದ್ದವು.

ಮಂಗಳವಾರ ಆಹಾರ ತಪಾಸಣೆಯ ಸಾಹೇಬರು ಬಂದರು. ಎದುರಿನ ವಿರುಪಾಕ್ಷಿ ಅರ್ಜಿ ಹಾಕಿದ್ದ. ಸಾಹೇಬರು ಅಚ್ಚ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಫೈಲು ಹಿಡಿದು, ಬೋರ್ಡನ್ನು ಎರಡು ಸಲ ಓದಿದರು.

"ಏನ್ರೀ ಇದು ತಾಮ್ರದ ಸಾರು? ಪರವಾನಗಿ ಇರೂದು ಅನ್ನದ ಸಾರಿಗೆ."

"ಹೇಳೂದಕ್ಕಿಂತ ತೋರಸತೀನಿ ಸಾಹೇಬ್ರ, ಒಳಗ ಬರ್ರಿ" ಎಂದು ಪಂಪಾಪತಿ ಬಾಗಿಲು ಎಳೆದು ಕತ್ತಲೆ ಮಾಡಿ ನೀಲಿ ಬ್ಯಾಟರಿ ಹಚ್ಚಿದ. ಬೆಳಕು ಬಾಟಲಿಗೆ ಬೀಳುವ ಬದಲು ಸಾಹೇಬರ ಅಂಗಿಗೆ ಬಿತ್ತು. ಆ ಅಂಗಿ ಭಗ್ ಎಂದು ನೀಲಿಯಾಗಿ ಹೊತ್ತಿತು! ಬಟ್ಟೆ ಬೆಳ್ಳಗೆ ಕಾಣಲು ಸೋಪಿನ ಪುಡಿಯಲ್ಲಿ ಹಾಕುವ ಮದ್ದಿಗೆ ಆ ಬ್ಯಾಟರಿಯ ಬೆಳಕು ಬಿದ್ದರೆ ಹಾಗೆ ಬೆಳಗುವ ಗುಣ ಇದೆ ಎಂದು ಅಮೃತಾ ಆಮೇಲೆ ಹೇಳಿದಳು. ಆಗ ಯಾರಿಗೆ ಗೊತ್ತು? ಕತ್ತಲಲ್ಲಿ ತಲೆ ಇಲ್ಲ, ಕಾಲಿಲ್ಲ, ಒಂದು ಅಂಗಿ ಮಾತ್ರ ಫೈಲು ಹಿಡಿದು ನಿಂತಿತ್ತು. ಉಣ್ಣುತ್ತಿದ್ದವನೊಬ್ಬ ಎಲೆ ಬಿಟ್ಟು ಎದ್ದು ನಮಸ್ಕಾರ ಮಾಡಿದ.

"ಸಾಹೇಬ್ರ ಮೈಯಾಗ ಒಂಚೂರೂ ತಾಮ್ರ ಇಲ್ಲ!" ಎಂದು ಪಂಪಾಪತಿ ಚೀರಿದ. "ಹೆದರಬ್ಯಾಡ್ರಿ, ಈಗ ಆರಸ್ತೀನಿ!"

ಆರಿಸಿದ. ಒಂದು ಸೌಟು ಸಾರಿಗೆ ಎದೆಭಾಗ ಆರಿತು. ತೋಳುಗಳಿಗೆ ಇನ್ನೊಂದು ಸೌಟು ಬೇಕಾಯಿತು.

ಬಾಗಿಲು ತೆರೆದಾಗ ಸಾಹೇಬರು ತೊಟ್ಟಿಕ್ಕುತ್ತಲೇ ಎರಡು ಬಾಟಲಿ ಸಾರು ತುಂಬಿ, ಅರಗು ಹಾಕಿ, ಸಹಿ ತೆಗೆದುಕೊಂಡರು. "ಫಲಿತಾಂಶ ಹದಿನಾಲ್ಕು ದಿನಕ್ಕ ಬರತೈತಿ" ಎಂದರು. ಪಂಪಾಪತಿ ಆ ದಿನವೇ ಬೋರ್ಡಿಗೆ ಇನ್ನೊಂದು ಸಾಲು ಸೇರಿಸಿದ: ಸರಕಾರದವರೂ ಒಯ್ದಿದ್ದಾರೆ.

ಗುರುವಾರ ಬಂತು. ಹನ್ನೆರಡರ ಬಸ್ಸಿಗೆ ಕಳಕಮ್ಮ ಇಳಿದರು, ಹಿಂದೆ ರೇಣುಕಾ. ಹುಡುಗಿಗೆ ಹುಳಿಯ ಬಯಕೆ. ಗಂಗಾವತಿಯಿಂದ ಇಲ್ಲಿಯವರೆಗೆ "ಅಪ್ಪನ ಸಾರು, ಅಪ್ಪನ ಸಾರು" ಎಂದು ಜಪ ಮಾಡುತ್ತ ಬಂದಿದ್ದಳಂತೆ. ಬಂದವಳೇ ಎಲೆಯ ಮುಂದೆ ಕೂತು ಬಟ್ಟಲು ಮುಂದಕ್ಕೆ ಹಿಡಿದಳು. ಪಂಪಾಪತಿ ಮಗಳಿಗೆಂದು ಬೇರೆಯಾಗಿ, ಎರಡು ಪಾಲು ಹುಣಸೆ ಹಾಕಿ, ಹಿಂದಿನ ಸಂಜೆಯೇ ಕುದಿಸಿಟ್ಟಿದ್ದ. ಕೊಪ್ಪರಿಗೆಯಲ್ಲೇ. ರಾತ್ರಿಯೆಲ್ಲ.

ರೇಣುಕಾ ಬಟ್ಟಲು ತುಟಿಗೆ ಎತ್ತಿದಳು.

ಐವತ್ತು ವರ್ಷದಿಂದ ರೊಟ್ಟಿ ಬಡಿದ ಕೈ ನನ್ನದು. ಒಂದು ರೊಟ್ಟಿಯೂ ಗುರಿ ತಪ್ಪಿ ಬಿದ್ದದ್ದಿಲ್ಲ. ಆವತ್ತು ಹಂಚಿನ ಮೇಲಿಂದ ಎತ್ತಿದ್ದು ಹಾರಿ ಹೋಗಿ ಸರಿಯಾಗಿ ಆ ಬಟ್ಟಲಿಗೇ ಬಡಿಯಿತು. ಬಟ್ಟಲು ಉರುಳಿತು, ಸಾರು ನೆಲಕ್ಕೆ ಚೆಲ್ಲಿತು.

"ಚಿಗವ್ವಾ!" ಎಂದು ಪಂಪಾಪತಿ ಕಿರುಚಿದ. "ಬೀಗತೇರ ಮುಂದ!"

"ವಯಸ್ಸಾತಪಾ. ಕೈ ಜಾರೂದು" ಎಂದೆ. "ಬೀಗತೇರ, ಬಂದೀರಿ, ಒಂಚೂರು ಕೊಪ್ಪರಿಗಿ ನೋಡ್ಕೊಂಡು ಬರ್ರಿ. ಭಾಳ ಕಷ್ಟಪಟ್ಟು ತಿಕ್ಕ್ಯಾನ."

ಪಂಪಾಪತಿ ಸಿಟ್ಟು ಮರೆತು ಹಿಗ್ಗಿದ. ಎಡಗೈಯಲ್ಲಿ ಬಾಟಲಿ, ಬಲಗೈಯಲ್ಲಿ ಬ್ಯಾಟರಿ ಹಿಡಿದು ಮುಂದೆ ನಡೆದ. "ಬರ್ರಿ, ಬೆಳಕು ಹೆಂಗ ನುಂಗತೈತಿ ತೋರಸತೀನಿ." ಕಳಕಮ್ಮ ಸೆರಗು ಸಿಕ್ಕಿಸಿಕೊಂಡು ಕೊಪ್ಪರಿಗೆಯೊಳಗೆ ಬಗ್ಗಿದರು. ಸಾರು ನಿಂತ ಮಟ್ಟದಲ್ಲಿ ಸುತ್ತಲೂ ಹಸಿರು ಗೆರೆ ಎದ್ದಿತ್ತು, ಗಿಳಿಯ ರೆಕ್ಕೆಯ ಬಣ್ಣ. ಅದನ್ನು ಉಗುರಿನಿಂದ ಕೆರೆದು ಮೂಸಿದರು. ನೆಟ್ಟಗೆ ನಿಂತರು.

"ಪಂಪಣ್ಣ, ಕಲಾಯಿ ಎಲ್ಲೈತ್ರಿ?"

"ತಗದ್ನ್ರಿ."

"ತಗದ್ರಿ?"

"ಮೂರು ದಿನ ಹಿಡೀತ್ರಿ" ಎಂದ ಪಂಪಾಪತಿ, ಹೊಗಳಿಕೆ ಬರುತ್ತದೆಂದು ಕಾಯುತ್ತ.

ಕಳಕಮ್ಮ ಹೊಗಳಲಿಲ್ಲ. ಅವರು ಅಂದದ್ದನ್ನೆಲ್ಲ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. ಸಾರಾಂಶ ಇಷ್ಟು: ಬಸುರಿ ಮಗಳಿಗೆ ಕಿಲುಬಿನ ಸಾರು ಕುಡಿಸುವ ತಂದೆಯನ್ನು ತಾವು ಈ ಕಡೆ ನಾಲ್ಕೂ ತಾಲ್ಲೂಕಿನಲ್ಲಿ ನೋಡಿಲ್ಲ, ಕುಬಸಕ್ಕೆ ಅವನು ಬಂದರೆ ಬರಿಗೈಯಲ್ಲಿ ಬರಬೇಕು, ಸೌಟು ಸಹಿತ ಮುಟ್ಟಬಾರದು.

ಆಗಲೇ ಅಮೃತಾ ಬಸ್ಸಿಳಿದು ಓಡಿ ಬಂದಳು. "ಕುಡಿದ್ಲೇನು? ರೇಣುಕಾ ಕುಡಿದ್ಲೇನು?"

"ಇಲ್ಲ" ಎಂದೆ. "ರೊಟ್ಟಿ ಕುಡೀತು."

ಅಮೃತಾ ಗೋಡೆಗೆ ಒರಗಿ ಉಸಿರು ಬಿಟ್ಟಳು. ಕೊಪ್ಪರಿಗೆ ನೋಡಿದಳು. "ಇಷ್ಟು ತಾಮ್ರ ಹೆಂಗ ಬಂತು ಅಂತ ಆರು ದಿನದಿಂದ ತಲಿ ಕೆಡಿಸ್ಕೊಂಡೇನಿ ಆಯಿ. ಮದಲಿನ ಮಂದಿ ಇದರಾಗ ಹುಳಿಸಾರು ಹೆಂಗ ಉಂಡ್ರು?"

"ಕಲಾಯಿ ಇತ್ತವಾ."

"ಕಲಾಯಿ ಅಂದ್ರ?"

ನಾಲ್ಕು ಲಕ್ಷ ಚುಕ್ಕಿಯನ್ನು ಸಾಸಿವೆಯ ಮೇಲೆ ನಿಲ್ಲಿಸಬಲ್ಲ ಹುಡುಗಿ, ಕಲಾಯಿ ಅಂದರೇನೆಂದು ಕೇಳಿದಳು. ಕಳಕಮ್ಮ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಕೂಡಿ ಹೇಳಿದೆವು. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಲಲಿತಾ ಹೋಗಿ ನಜೀಬನನ್ನು ಕರೆತಂದಳು. ನಜೀಬ ಕಲಾಯಿ ಹಾಕುವವರ ಮನೆಯವನು. ಊರಿಗೆಲ್ಲ ಸ್ಟೀಲು ಬಂದ ಮೇಲೆ ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಗ್ಯಾಸ್ ಒಲೆ ರಿಪೇರಿಗೆ ಕೂತಿದ್ದಾನೆ. ದಿನಾ ಉಣ್ಣುವುದು ನಮ್ಮಲ್ಲೇ. ಕೊಪ್ಪರಿಗೆಯನ್ನು ಕಂಡು ತಲೆಯ ಟೊಪ್ಪಿಗೆ ಸರಿ ಮಾಡಿಕೊಂಡ.

"ನಿನಗ ಗೊತ್ತಿತ್ತೇನೋ?" ಎಂದ ಪಂಪಾಪತಿ.

"ಗೊತ್ತಿರದ ಏನ್ ಅಣ್ಣಾ? ವಾರದಿಂದ ಬರೇ ಚಟ್ನಿ ರೊಟ್ಟಿ ಉಣ್ಣಾಕತ್ತೇನಿ."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಹಂಪವ್ವ ಚಿಗವ್ವಗ ಹೇಳಿದ್ನಿ. 'ನಾ ಹೇಳಿ ಹೇಳಿ ಸಾಕಾಗೇತಿ, ನೀನೂ ಹೋಗಿ ಬೈಸ್ಕೊಂಡು ಬಾ' ಅಂದ್ರು. ಚಟ್ನಿ ಛಲೋ ಇತ್ತು, ಬಿಟ್ಟೆ."

ಹಿತ್ತಲಲ್ಲಿ ಕುಳಿ ತೋಡಿ ನಜೀಬ ಇದ್ದಿಲು ಹೊತ್ತಿಸಿದ. ಕೊಪ್ಪರಿಗೆ ಕಾಯಿತು. ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅರಳೆ ಉಂಡೆಯಿಂದ ಒಂದು ಸುತ್ತು ಎಳೆದ. ಕೆಂಪು ಮೈಯ ಮೇಲೆ ಬೆಳ್ಳಿ ಹರಿದಂತೆ ಹರಿಯಿತು. ಮಂದಿ ಕೂಡಿದರು. ಗೌಸಬೀ ಮನೆಗೆ ಹೋಗಿ ತನ್ನ ಡ್ರಮ್ಮನ್ನೇ ಉರುಳಿಸಿಕೊಂಡು ಬಂದಳು. "ಇದಕ್ಕೂ ಒಂಚೂರು ಹಚ್ಚು ನಜೀಬಾ." ನಜೀಬ ಒಳಗೆ ಇಣುಕಿ, "ಇದಕ್ಕ ಕಲಾಯಿ ಬ್ಯಾಡ ಬೂಬು, ಸತ್ತವರಿಗೆ ಮಾಡೂ ನಮಾಜು ಬೇಕು" ಎಂದ.

ಸಂಜೆ ಹುಣಸೆ ನೀರು ಹಾಕಿಟ್ಟರು. ಕಳಕಮ್ಮ ಊರಿಗೆ ಹೋಗಲಿಲ್ಲ, ಅಲ್ಲೇ ಉಳಿದರು. ಮರುದಿನ ಮುಂಜಾನೆ ಎಲ್ಲರ ಎದುರಿಗೆ ಅಮೃತಾ ಬಾಟಲಿಯಲ್ಲಿ ಉಳಿದಿದ್ದ ಕೊನೆಯ ನೀರಿಗೆ ಅದನ್ನು ಹನಿಸಿದಳು. ಒಂದು ಹನಿ. ಎರಡು. ಹತ್ತು. ಬೆಳಕು ಅಲ್ಲಾಡಲಿಲ್ಲ. ಬಾಟಲಿಯೊಳಗೆ ನೀಲಿ ಹಾಗೇ ನಿಂತಿತ್ತು.

ಪಂಪಾಪತಿ ಆ ಬೆಳಕನ್ನೇ ನೋಡುತ್ತ ಮೆತ್ತಗೆ ಅಂದ, "ತಾಕತ್ತು ಹೋತು."

"ಹೋಗಲಿ" ಎಂದರು ಕಳಕಮ್ಮ. "ಮಗಳು ಉಳಿದಾಳ." ಬೀಗರ ಮುಖ ನೋಡಿದರು. ಆ ಮುಖ ನಾಚಿಕೆಯಿಂದ ಕೆರೆದ ಕೊಪ್ಪರಿಗೆಯಂತೆಯೇ ಕೆಂಪಗಾಗಿತ್ತು. "ಟೆಂಪೋ ಹೇಳ್ರಿ ಪಂಪಣ್ಣ. ಕೊಪ್ಪರಿಗಿ ಬರಲಿ. ಸಾರು ನೀವ ಮಾಡ್ರಿ. ಆದ್ರ ಹುಣಸಿ ಹಾಕೂ ಮುಂದ ಹಂಪವ್ವನ್ನ ಕೇಳಿ ಹಾಕ್ರಿ. ಬ್ಯಾಟರಿ ನನ್ನ ಕಡೆ ಇರತೈತಿ."

ಕುಬಸದ ದಿನ ಗಂಗಾವತಿಯಲ್ಲಿ ಕೊಪ್ಪರಿಗೆ ಇಳಿಯಿತು. ಅಮೃತಾ ಹೊಸ ಬಾಟಲಿ ತಂದಿದ್ದಳು. ಈ ಸಲ ಬೀಗರ ಮನೆಯ ಸಿಪ್ಪೆಯದು. ಪಂಪಾಪತಿ, ಕಳಕಮ್ಮನ ಕೈಯಲ್ಲೇ ಬ್ಯಾಟರಿ ಹಿಡಿಸಿ, ಬಂದ ಬಂದವರಿಗೆಲ್ಲ ತೋರಿಸುತ್ತಿದ್ದ: "ನೋಡ್ರಿ, ಎಷ್ಟ ಹುಣಸಿ ನೀರು ಹಾಕಿದ್ರೂ ಆರೂದಿಲ್ಲ. ಅಂಥಾ ಕೊಪ್ಪರಿಗಿ! ನಾ ಮದಲಿಂದ ಹೇಳ್ಕೊಂತ ಬಂದೀನಿ." ಯಾರೂ ತಡೆಯಲಿಲ್ಲ. ಆದರೆ ಒಲೆಯ ಹತ್ತಿರ ಬಂದಾಗ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ದನಿ ತಗ್ಗಿಸಿ ಕೇಳಿದ:

"ಚಿಗವ್ವ, ಹುಣಸಿ ಹಾಕ್ಲ್ಯಾ?"

ನಾನು ಎದ್ದೆ. ಅವಸರ ಮಾಡಲಿಲ್ಲ. ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದೆ. ಬೆಳ್ಳನೆಯ ಕಲಾಯಿಯಲ್ಲಿ ನನ್ನ ಮುಖ ಕಂಡಿತು. ಅದನ್ನೂ ಸ್ವಲ್ಪ ಹೊತ್ತು ನೋಡಿದೆ.

"ಹಾಕು. ಹಾಕಿ ಬಂದು ರೊಟ್ಟಿ ಬಡಿ."

ಹಾಕಿದ. ಬಂದ. ಬಡಿದ. ಅವನು ಬಡಿದ ಮೊದಲ ರೊಟ್ಟಿಗೆ ನಾಲ್ಕು ಮೂಲೆ ಇದ್ದವು, ನಡುವೆ ಒಂದು ಕಿಟಕಿ. ಕಳಕಮ್ಮ ಬಂದು ಅದನ್ನು ಎತ್ತಿ ಹಿಡಿದು, ನೀಲಿ ಬ್ಯಾಟರಿ ಬಿಟ್ಟು, ಹಿಂದೆ ಮುಂದೆ ತಿರುಗಿಸಿ ತಪಾಸಣೆ ಮಾಡಿದರು.

"ಇದರಾಗ ತಾಮ್ರ ಇಲ್ಲ, ಕಬ್ಬಿಣ ಇಲ್ಲ, ಸೀಸ ಇಲ್ಲ ಪಂಪಣ್ಣ" ಎಂದರು. "ರೊಟ್ಟಿನೂ ಇಲ್ಲ."